ಕಂಟ್ರೋಲರ್ ಮೀಮಾಂಸೆ: ದನಿಯಿಲ್ಲದ ವಾದ್ಯವನ್ನು ಕೊಳ್ಳುವ ಶಾಸ್ತ್ರ

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ ಯಾರೆಂಬುದು ಮೊದಲು ನಿರ್ಣಯವಾಗಬೇಕು. ಈ ಶಾಸ್ತ್ರದ ಅಧಿಕಾರಿ ಲ್ಯಾಪ್‌ಟಾಪ್ ಉಳ್ಳವನು, ಅದರಲ್ಲಿ ಸಂಗೀತದ ಸಾಫ್ಟ್‌ವೇರ್ ಹಾಕಿಸಿಕೊಂಡವನು, ಮೌಸ್ ಹಿಡಿದು ಒಂದೊಂದೇ ಸ್ವರ ಚುಚ್ಚಿ ಬೇಸತ್ತವನು, ಮತ್ತು ತನ್ನ ಹಾಡು ಅರ್ಧಕ್ಕೇ ನಿಂತಿರುವುದು ಸಲಕರಣೆಯ ಕೊರತೆಯಿಂದ ಎಂದು ದೃಢವಾಗಿ ನಂಬಿದವನು. ಕೊನೆಯ ಲಕ್ಷಣವೊಂದಿದ್ದರೆ ಉಳಿದವು ಇಲ್ಲದಿದ್ದರೂ ನಡೆದೀತು. ಹಾಡು ಮುಗಿಸಿದವನಿಗೆ ಇಲ್ಲಿ ಪ್ರವೇಶವಿಲ್ಲ.

ಮೊದಲನೆಯ ಸೂತ್ರ: ಕಂಟ್ರೋಲರ್ ಸದ್ದು ಮಾಡುವುದಿಲ್ಲ.

ವ್ಯಾಖ್ಯಾನ. ಕಾಲಿಂಗ್ ಬೆಲ್ಲಿನ ಗುಂಡಿ ಇರುವುದು ಹೊರಗೆ, ಸದ್ದು ಬರುವುದು ಮನೆಯೊಳಗಿಂದ, ಇದೂ ಹಾಗೆಯೇ. ಇದರ ಕೀಲಿಮಣೆಯ ನಟ್ಟನಡುವಿನ ಕೀ ಒತ್ತಿದರೆ 144, 60, 100 ಎಂಬ ಮೂರು ಸಂಖ್ಯೆಗಳು ಲ್ಯಾಪ್‌ಟಾಪಿನತ್ತ ಹೊರಡುತ್ತವೆ. ಮೊದಲನೆಯದು ‘ಒಂದನೇ ಚಾನೆಲ್‌ನಲ್ಲಿ ಸ್ವರ ಶುರು’ ಎನ್ನುತ್ತದೆ, ಎರಡನೆಯದು ಯಾವ ಸ್ವರವೆಂದು ಹೇಳುತ್ತದೆ, ಮೂರನೆಯದು ಒತ್ತಿದವನ ಸಿಟ್ಟಿನ ಪ್ರಮಾಣ. ಈ ಸಿಟ್ಟು 127ನ್ನು ಮೀರುವಂತಿಲ್ಲ. ಇಷ್ಟೇ ಇದರ ತಿರುಳು. ಐದು ಪಿನ್ನಿನ ಹಳೆಯ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಹರಿಯುತ್ತವೆ. ಅಂದರೆ ಒಂದು ಸ್ವರದ ಸುದ್ದಿ ತಲುಪಲು ಸುಮಾರು ಒಂದು ಮಿಲಿಸೆಕೆಂಡ್. ಹತ್ತು ಬೆರಳನ್ನೂ ಒಟ್ಟಿಗೆ ಊರಿದರೂ ಸ್ವರಗಳು ಒಂದರ ಹಿಂದೊಂದು ಸಾಲಾಗಿಯೇ ಹೋಗಬೇಕು. ನಮ್ಮ ಬಸ್ ನಿಲ್ದಾಣಗಳಲ್ಲಿ ಕಾಣದ ಶಿಸ್ತು ಇದು.

ಈ ಶಾಸ್ತ್ರದಲ್ಲಿ ಯಾರೂ ತಕರಾರು ತೆಗೆಯದ ಸಂಗತಿ ಒಂದಿದೆ. 1981ರಲ್ಲಿ ಅಮೆರಿಕದ ಡೇವ್ ಸ್ಮಿತ್ ಮತ್ತು ಚೆಟ್ ವುಡ್ ಎಲ್ಲ ಸಿಂಥಸೈಸರ್‌ಗಳಿಗೂ ಒಂದೇ ಭಾಷೆ ಇರಲಿ ಎಂದು ಪ್ರಬಂಧ ಮಂಡಿಸಿದರು. ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿಯವರಿಗೂ ಇದೇ ಚಿಂತೆಯಿತ್ತು. 1983ರ ಜನವರಿಯಲ್ಲಿ, ನ್ಯಾಮ್ ವಾದ್ಯಮೇಳದಲ್ಲಿ, ಸ್ಮಿತ್ ಅವರ ಪ್ರಾಫೆಟ್-600ಕ್ಕೂ ರೋಲ್ಯಾಂಡ್‌ನ ಜೂಪಿಟರ್-6ಕ್ಕೂ ತಂತಿ ಕಟ್ಟಿದರು. ಪರಸ್ಪರ ಸ್ಪರ್ಧಿಗಳಾದ ಎರಡು ಕಂಪನಿಗಳ ಯಂತ್ರಗಳು ಒಂದರ ಮಾತನ್ನು ಇನ್ನೊಂದು ಕೇಳಿದವು. ಸ್ಮಿತ್, ಕಾಕೆಹಾಶಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಬಂತು. ಮಿಡಿ ಎಂಬ ಈ ಭಾಷೆಯ ಚರಿತ್ರೆಯಲ್ಲಿ ಒಮ್ಮತ ಇಲ್ಲಿಗೆ ಮುಗಿಯಿತು.

ಏಕೆಂದರೆ ಮುಂದಿನ ಪ್ರಶ್ನೆ: ಎಷ್ಟು ಕೀ? ಇಪ್ಪತ್ತೈದೇ ಸಾಕೆನ್ನುವವರು ಲಘುಮತದವರು. ಎರಡು ಸ್ಥಾಯಿ, ಮೇಲೊಂದು ಷಡ್ಜ, ಬೇಕಾದರೆ ಸ್ಥಾಯಿ ಬದಲಿಸಲು ಗುಂಡಿ. ಎಂಬತ್ತೆಂಟಕ್ಕೆ ಕಡಿಮೆಯಾದರೆ ಅದು ವಾದ್ಯವೇ ಅಲ್ಲ ಎನ್ನುವವರು ಗುರುಮತದವರು. ಸುತ್ತಿಗೆ ಬಿದ್ದಂತೆ ಭಾರವಾಗಿ ಇಳಿಯುವ ಕೀ ಅವರಿಗೆ ಬೇಕು. ಎರಡೂ ಕಡೆಯ ಗ್ರಂಥರಾಶಿಯನ್ನು ಈ ಲೇಖಕ ಅವಲೋಕಿಸಿದ್ದಾನೆ. ಸಿದ್ಧಾಂತವೇನೆಂದರೆ, ಪ್ರಮಾಣಗಳಲ್ಲಿ ಮೇಜೇ ಬಲಿಷ್ಠ. ಪೂರ್ಣ ಗಾತ್ರದ ಎಂಬತ್ತೆಂಟು ಕೀಗಳೇ ಸುಮಾರು 122 ಸೆಂಟಿಮೀಟರ್ ಹಿಡಿಯುತ್ತವೆ; ಪಕ್ಕದ ಚಕ್ರ, ಗುಂಡಿಗಳ ಲೆಕ್ಕ ಬೇರೆ. ಮೇಜು ಅಷ್ಟಿಲ್ಲದವನು ವಾದದಲ್ಲಿ ಗುರುಮತದವನಾಗಿದ್ದರೂ ಆಚರಣೆಯಲ್ಲಿ ನಲವತ್ತೊಂಬತ್ತು ಕೀಗೆ ಇಳಿಯುತ್ತಾನೆ. ಬಾಡಿಗೆ ಮನೆಯವರೆಲ್ಲ ಹುಟ್ಟಾ ಲಘುಮತದವರು.

ಈಗ ಗಮಕಾಧಿಕರಣ. ಇದು ತೊಡಕಿನ ಭಾಗ. ಕರ್ನಾಟಕ ಸಂಗೀತ ಕೇಳಿ ಬೆಳೆದವರು ಸ್ವಲ್ಪ ಹತ್ತಿರ ಕೂರಬೇಕು.

ಕೀಲಿಮಣೆಯ ಮೇಲೆ ನಮ್ಮವರಿಗೆ ಅನುಮಾನ ಇವತ್ತಿನದಲ್ಲ. ಹಾರ್ಮೋನಿಯಂ ಸ್ವರದಿಂದ ಸ್ವರಕ್ಕೆ ಜಿಗಿಯುತ್ತದೆಯೇ ಹೊರತು ಜಾರುವುದಿಲ್ಲ ಎಂಬ ಆಕ್ಷೇಪ ಎದ್ದು, 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು; ನಿಷೇಧ ಸಡಿಲವಾದದ್ದು 1971ರ ಹೊತ್ತಿಗೆ. ಕಂಟ್ರೋಲರ್ ತಯಾರಕರು ಈ ಆಕ್ಷೇಪಕ್ಕೆ ಎಡಗಡೆ ಒಂದು ಚಕ್ರವಿಟ್ಟು ಸಮಾಧಾನ ಹೇಳಿದ್ದಾರೆ. ಅದರ ಹೆಸರು ಪಿಚ್ ಬೆಂಡ್. ಉಳಿದ ಗುಂಡಿಗಳಿಗೆ 128 ಮೆಟ್ಟಿಲಾದರೆ ಇದಕ್ಕೆ 16,384. ಸಾಮಾನ್ಯವಾಗಿ ಮೇಲಕ್ಕೆ ಎರಡು ಅರ್ಧಸ್ವರ, ಕೆಳಕ್ಕೆ ಎರಡು ಅರ್ಧಸ್ವರ ಇದರ ಹರವು. ತೋಡಿಯ ಗಾಂಧಾರದ ಮೇಲೆ ಬೆರಳಿಟ್ಟು ಚಕ್ರವನ್ನು ಪೂರ್ತಿ ಮೇಲೆ ತಳ್ಳಿ, ಶುದ್ಧ ಮಧ್ಯಮ. ಪೂರ್ತಿ ಕೆಳಗೆಳೆಯಿರಿ, ಶುದ್ಧ ರಿಷಭ. ಗಣಿತ ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ತೋಡಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂತಿದೆ ಎಂದು ಪೂರ್ವಪಕ್ಷಿ ಕುಣಿಯುತ್ತಾನೆ.

ಕುಣಿತ ಎರಡು ಕಾರಣಕ್ಕೆ ನಿಲ್ಲುತ್ತದೆ. ಒಂದು, ಚಕ್ರದೊಳಗೆ ಸ್ಪ್ರಿಂಗ್ ಇದೆ. ಕೈಬಿಟ್ಟ ಕೂಡಲೇ ಅದು ಟಕ್ಕನೆ ನಡುವಿಗೆ ಬಂದು, ಯಾವ ಸಪಾಟಾದ ಗಾಂಧಾರದಲ್ಲಿ ತೋಡಿ ನಿಲ್ಲಲೇಬಾರದೋ ಅಲ್ಲೇ ನಿಲ್ಲುತ್ತದೆ. ಎರಡನೆಯದು ಇನ್ನೂ ಘೋರ: ಈ ಚಕ್ರ ಅಲುಗಿಸುವುದು ಸ್ವರವನ್ನಲ್ಲ, ಇಡೀ ಚಾನೆಲ್ಲನ್ನು. ಅದೇ ಚಾನೆಲ್‌ನಲ್ಲಿ ಶ್ರುತಿಗೆಂದು ಷಡ್ಜ ಒತ್ತಿ ಹಿಡಿದಿದ್ದರೆ, ಗಾಂಧಾರ ತೂಗಿದಾಗ ಷಡ್ಜವೂ ತೂಗುತ್ತದೆ. ಆಧಾರ ಷಡ್ಜವೇ ಉಯ್ಯಾಲೆಯಾಡುವ ಸಂಗೀತಕ್ಕೆ ಲಕ್ಷಣಗ್ರಂಥಗಳಲ್ಲಿ ಹೆಸರಿಲ್ಲ. ಮನೆಯವರು ಒಂದು ಹೆಸರಿಟ್ಟಿರುತ್ತಾರೆ. ಇದರ ಪರಿಹಾರಕ್ಕಾಗಿ 2018ರಲ್ಲಿ ಎಂಪಿಇ ಎಂಬ ಏರ್ಪಾಡು ಅಂಗೀಕಾರವಾಯಿತು: ಒತ್ತಿದ ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್, ಬೆರಳು ಪಕ್ಕಕ್ಕೆ ಜರುಗಿಸಿದರೆ ಆ ಸ್ವರವೊಂದೇ ಬಾಗುತ್ತದೆ. ವೀಣೆಯಲ್ಲಿ ಒಂದು ತಂತಿಯನ್ನು ಮೆಟ್ಟಿಲ ಮೇಲೆ ಎಳೆದರೆ ತಾಳದ ತಂತಿಗಳು ತಮ್ಮ ಪಾಡಿಗೆ ಇರುತ್ತವಲ್ಲ, ಆ ಮಟ್ಟಕ್ಕೆ ಡಿಜಿಟಲ್ ಲೋಕ 35 ವರ್ಷದಲ್ಲಿ ಬಂದು ತಲುಪಿತು. ಅಂಥ ಕಂಟ್ರೋಲರ್‌ನ ಬೆಲೆ ಕೇಳಿದ ಮೇಲೆ ವೀಣೆಯ ಬೆಲೆ ಕೇಳುವುದು ವಾಡಿಕೆ.

ಪ್ಯಾಡುಗಳ ವಿಷಯ ಬೇಗ ಮುಗಿಸಬಹುದು. ನಾಲ್ಕು ನಾಲ್ಕಲಿ ಹದಿನಾರರ ಮನೆಯನ್ನು ಜಗತ್ತಿಗೆ ರೂಢಿಮಾಡಿದ್ದು ರೋಜರ್ ಲಿನ್ ವಿನ್ಯಾಸದ, 1988ರ ಆಕಾಯ್ ಎಂಪಿಸಿ60. ತಾಳ ಬಡಿಯುವವನಿಗೆ ಇದು ಬೇಕು. ತಾಳವಿಲ್ಲದವನಿಗೆ ಬಣ್ಣದ ದೀಪಗಳಾದರೂ ಕಾಣುತ್ತವೆ.

ತಿರುಗಣೆಗಳದ್ದು ಮೋಸದ ಜಾತಿ. ಅರ್ಧಕ್ಕೆ ತಿರುಗಿಸಿಟ್ಟದ್ದನ್ನು ಮಾರನೆಯ ದಿನ ಬೇರೆ ಹಾಡಿಗೆ ಮುಟ್ಟಿದರೆ, ಪರದೆಯ ಮೇಲೆ 20ರಲ್ಲಿದ್ದ ಫಿಲ್ಟರ್ ಧಡಕ್ಕನೆ 64ಕ್ಕೆ ಹಾರುತ್ತದೆ. ಕೊನೆಯಿಲ್ಲದೆ ಸುತ್ತುವ ಎನ್‌ಕೋಡರ್ ಇದ್ದರೆ ಈ ಕಾಟವಿಲ್ಲ. ವರ್ಣನೆಯಲ್ಲಿ ಎಂಟು ತಿರುಗಣೆ ಎಂದು ಓದಿ ಹಿಗ್ಗುವ ಮೊದಲು ಅವು ಯಾವ ಜಾತಿಯವೆಂದು ವಿಚಾರಿಸತಕ್ಕದ್ದು. ಜಾತಿ ವಿಚಾರಿಸುವುದಕ್ಕೆ ಈ ಶಾಸ್ತ್ರ ಸಮ್ಮತಿ ಕೊಡುವುದು ಇದೊಂದೇ ಕಡೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. 1982ರಲ್ಲಿ, ಮಿಡಿ ಇನ್ನೂ ಹುಟ್ಟದಿದ್ದಾಗ, ಮುಂಬೈಯ ಚರಣ್‌ಜಿತ್ ಸಿಂಗ್ ಮೂರು ರೋಲ್ಯಾಂಡ್ ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಇಡೀ ಆಲ್ಬಂ ಮುಗಿಸಿಬಿಟ್ಟರಲ್ಲ, ಕಂಟ್ರೋಲರ್ ಎಲ್ಲಿತ್ತು? ಉತ್ತರ: ಅವರು ಹಾಡು ಮುಗಿಸಿದವರು, ಆದ್ದರಿಂದ ಅಧಿಕಾರಿಯಲ್ಲ. ಆಕ್ಷೇಪ ಬಿದ್ದುಹೋಯಿತು.

ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ, ಆದ್ದರಿಂದ ದುಬಾರಿಯದನ್ನು ಕೊಳ್ಳಬೇಕು ಎಂಬ ವಾದವೂ ಇದೆ. ಅಪರಾಧಿ ಬಹುತೇಕ ಕಂಪ್ಯೂಟರ್‌ನ ಬಫರ್. 44,100ರ ವೇಗದಲ್ಲಿ 512 ಸ್ಯಾಂಪಲ್ ಕೂಡಿಟ್ಟರೆ ಸುಮಾರು 12 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ ಮೂರಕ್ಕೂ ಕಡಿಮೆ. ಈ ಅಂಶವನ್ನು ಹೊಸ ಕಂಟ್ರೋಲರ್ ಮನೆಗೆ ಬರುವ ತನಕ ಗೋಪ್ಯವಾಗಿಡಬೇಕೆಂದು ಸಂಪ್ರದಾಯ.

ಕೊನೆಯದು ಪ್ರಾಯಶ್ಚಿತ್ತ ಪ್ರಕರಣ. ಸ್ವರ ಶುರುವಾಗಿ, ನಿಲ್ಲಿಸುವ ಸಂದೇಶ ದಾರಿಯಲ್ಲಿ ಕಳೆದುಹೋದರೆ ಅದು ಒಂದೇ ಸಮನೆ ಗೊಂಯ್ ಎನ್ನುತ್ತಿರುತ್ತದೆ. ಅದಕ್ಕೆ 123ನೇ ಕಂಟ್ರೋಲ್ ಸಂದೇಶವೇ ಶಾಂತಿಮಂತ್ರ. ಎಲ್ಲ ಸ್ವರಗಳೂ ಅಡಗುತ್ತವೆ. ಕಾಲಿನ ಪೆಡಲ್ ತಿರುವುಮುರುವಾಗಿ, ಒತ್ತಿದರೆ ಸ್ವರ ಕತ್ತರಿಸಿ, ಬಿಟ್ಟರೆ ಉಳಿಯುತ್ತಿದ್ದರೆ ಗಾಬರಿ ಬೇಡ. ಹೆಚ್ಚಿನ ಯಂತ್ರಗಳು ಎಚ್ಚರಾಗುವ ಕ್ಷಣದಲ್ಲಿ ಪೆಡಲ್ ಹೇಗಿದೆಯೋ ಅದನ್ನೇ ‘ಒತ್ತಿಲ್ಲದ’ ಸ್ಥಿತಿಯೆಂದು ನಂಬಿಬಿಡುತ್ತವೆ. ಆರಿಸಿ, ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿ ಪದ್ಮಾಸನ ಹಾಕಿ, ಮತ್ತೆ ಹಚ್ಚಿರಿ.