ಅಧೋನಾದ ಮೀಮಾಂಸೆ: ಬಜಗೋಳಿ ಪರಿಸರದಲ್ಲಿ ಬಾಸ್ ಟ್ರೊಂಬೋನ್, ಒಂದು ಬಹುಶಿಸ್ತೀಯ ಅನುಸಂಧಾನ

1. ವ್ಯಾಪ್ತಿ ಮತ್ತು ಮಿತಿ

ಪ್ರಸ್ತುತ ಪ್ರಬಂಧವು ಬಾಸ್ ಟ್ರೊಂಬೋನ್ ಎಂಬ ಹಿತ್ತಾಳೆ ವಾದ್ಯದ ಕೆಳಸ್ಥಾಯಿಯನ್ನು ಕಲಿಯುವ ಪ್ರಕ್ರಿಯೆಯನ್ನು ಬಜಗೋಳಿಯ ನೆಲೆಯಿಂದಲೂ ನೆಲದಿಂದಲೂ ನೆಲದ ನೆಲೆಯಿಂದಲೂ ಗ್ರಹಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಇಲ್ಲಿ ‘ಕೆಳಗು’ ಎಂಬ ಪರಿಕಲ್ಪನೆಯನ್ನು ಏಕಶಿಲಾರೂಪಿಯಾಗಿ ನೋಡದೆ, ಬಹುಮುಖಿ ಸಂಕಥನವೊಂದರ ಜತೆ ಮುಖಾಮುಖಿಯಾಗಿಸಿ, ಅಧೀನ ನಾದದ ಅಸ್ಮಿತೆಯನ್ನು ವಸಾಹತೋತ್ತರ ಮರುಚಿಂತನೆಗೆ ಒಡ್ಡಲಾಗಿದೆ. ಮಿತಿ ಒಂದೇ: ಪ್ರಬಂಧಕಾರನ ವಾದ್ಯಕ್ಕೆ ಇರುವುದು ಒಂದೇ ಟ್ರಿಗ್ಗರ್.

ಈ ಶೈಲಿ ದಕ್ಕಿದ್ದು ಒಂದು ವಿಚಾರ ಸಂಕಿರಣದಲ್ಲಿ. ವಿಷಯ ಕರಾವಳಿಯ ವಾದ್ಯಪರಂಪರೆ. ಉದ್ಘಾಟನೆಗೆಂದು ವಾಲಗದವರನ್ನು ಕರೆಸಿದ್ದರು. ಐದು ನಿಮಿಷ ಊದಿಸಿ, ಆಮೇಲೆ ಅವರನ್ನು ಜಗಲಿಯಲ್ಲಿ ಕೂರಿಸಿ, ಅವರ ಬಗೆಗಿನ ಪ್ರಬಂಧಗಳನ್ನು ಒಳಗೆ ಬಾಗಿಲು ಹಾಕಿಕೊಂಡು ಮಂಡಿಸಿದರು. ಎಸಿ ಇತ್ತಲ್ಲ, ಬಾಗಿಲು ತೆರೆದಿಡುವಂತಿರಲಿಲ್ಲ.

2. ಭೌಗೋಳಿಕ ಹಾಗೂ ಚಾರಿತ್ರಿಕ ಹಿನ್ನೆಲೆ

ಬಜಗೋಳಿಯು ಕಾರ್ಕಳದಿಂದ ಕುದುರೆಮುಖದ ಘಟ್ಟಕ್ಕೆ ಹೋಗುವ ದಾರಿಯಲ್ಲಿ, ನಾರಾವಿಯ ಕಡೆಗೆ ರಸ್ತೆ ಕವಲೊಡೆಯುವಲ್ಲಿ ಇರುವ ಪೇಟೆ. ಸಮೀಪದ ಕಾರ್ಕಳದಲ್ಲಿ 1432ರಲ್ಲಿ ಸ್ಥಾಪನೆಯಾದ 42 ಅಡಿಯ ಗೊಮ್ಮಟನಿದ್ದಾನೆ; 1586ರ ಚತುರ್ಮುಖ ಬಸದಿಯಿದೆ. ಇವೆರಡಕ್ಕೂ ಟ್ರೊಂಬೋನಿಗೂ ಯಾವ ಸಂಬಂಧವೂ ಇಲ್ಲ. ಆದರೆ ಇವನ್ನು ಬಿಟ್ಟರೆ ಎರಡನೇ ಅಧ್ಯಾಯಕ್ಕೆ ಪುಟ ಸಾಲುವುದಿಲ್ಲ, ಮಾರ್ಗದರ್ಶಕರು ಸಹಿ ಹಾಕುವುದಿಲ್ಲ.

3. ನಾದವರ್ಗೀಕರಣ

ಕರಾವಳಿಯ ಸಮಸ್ತ ನಾದಗಳನ್ನು ಮೂರು ಮಹಾವರ್ಗ, ಒಂಬತ್ತು ಉಪವರ್ಗ, ಇಪ್ಪತ್ತೇಳು ಪ್ರಭೇದಗಳಾಗಿ ವಿಂಗಡಿಸಬಹುದು.

(ಅ) ಊರ್ಧ್ವನಾದ. ಇದರಲ್ಲಿ ಮೊದಲನೆಯದು ಚೆಂಡೆ. ಎರಡನೆಯದು ಏರು ಶ್ರುತಿಯ ಯಕ್ಷಗಾನ ಭಾಗವತಿಕೆ. ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕೂತವನಿಗೂ ಮೈಕಿಲ್ಲದೆ ಮುಟ್ಟಬೇಕಿದ್ದ ಕಾಲದ್ದು. ಮೂರನೆಯದು ಕಾರ್ಕಳದ ಕಡೆಯಿಂದ ಬರುವ ಖಾಸಗಿ ಬಸ್ಸಿನ ಹಾರ್ನು. ನಾಲ್ಕನೆಯದು ಸ್ಯಾಕ್ಸೊಫೋನ್. ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾಗಿ, ನಾಗಸ್ವರದ ಮನೆಯಿಂದ ಬಂದ ಉಸಿರನ್ನೇ ಅದಕ್ಕೆ ತುಂಬಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ವರೆಗೆ ಒಯ್ದರು. ಅವರ ದೆಸೆಯಿಂದ ಇವತ್ತು ಜಿಲ್ಲೆಯ ದೇವಸ್ಥಾನದ ಉತ್ಸವಗಳಲ್ಲೂ ಮದುವೆ ಹಾಲ್‌ಗಳಲ್ಲೂ ಸ್ಯಾಕ್ಸೊಫೋನು ಪರದೇಶಿ ವಾದ್ಯವೆಂದು ಯಾರಿಗೂ ಅನಿಸುವುದಿಲ್ಲ.

(ಆ) ಮಧ್ಯನಾದ. ಮನುಷ್ಯರ ಮಾತು, ಪಂಚಾಯತ್ ಸಭೆ, ಇತ್ಯಾದಿ. ಉಪವರ್ಗಗಳನ್ನು ಓದುಗರೇ ಊಹಿಸಿಕೊಳ್ಳಬಹುದು.

(ಇ) ಅಧೋನಾದ. ಇಲ್ಲಿಗೆ ಬಂದಾಗ ಕ್ಷೇತ್ರಕಾರ್ಯದಲ್ಲಿ ಏನೂ ಸಿಗಲಿಲ್ಲ. ಗುಡುಗು, ಘಟ್ಟ ಹತ್ತುವ ಲಾರಿ, ಕಾಪುವಿನ ಕಡಲು ಇವೆಯಾದರೂ ಅವುಗಳಿಗೆ ತಾಲೀಮು ಬೇಕಿಲ್ಲ. ನಮ್ಮ ಕರಾವಳಿಯ ಕಿವಿ ಮೇಲಕ್ಕೇ ಹದಗೊಂಡಿದೆ. ಕೋಲಕ್ಕೆ, ಕಂಬಳಕ್ಕೆ ಊದುವ ಕೊಂಬನ್ನೇ ನೋಡಿ: ಉದ್ದದ ಕೊಳವೆ, ತೂತಿಲ್ಲ, ಕೀಲಿಯಿಲ್ಲ, ಟ್ರೊಂಬೋನಿನ ಹಿಂದೆಮುಂದೆ ಜಾರುವ ಸ್ಲೈಡನ್ನು ಒಂದೇ ಕಡೆ ಬಿಗಿದಿಟ್ಟಂತೆ. ಅದರಲ್ಲೂ ಊದುವವನು ಹುಡುಕುವುದು ಮೇಲಿನ ಸ್ವರಗಳನ್ನೇ. ಉಳಿದ ಪ್ರಭೇದಗಳನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ. ನಿಜ ಹೇಳಬೇಕೆಂದರೆ ಬೇಜಾರಾಗಿ ಕೈಬಿಡಲಾಗಿದೆ.

ಇಲ್ಲದ ಸ್ವರದ ಸತ್ತಾಮೀಮಾಂಸೆ

ಟ್ರೊಂಬೋನಿನ ಕೊಳವೆ ಸುಮಾರು ಒಂಬತ್ತು ಅಡಿ ಉದ್ದ. ಸ್ಲೈಡಿಗೆ ಏಳು ಸ್ಥಾನ. ಒಂದೊಂದು ಸ್ಥಾನಕ್ಕೂ ಅರ್ಧಸ್ವರ ಇಳಿಯುತ್ತದೆ. 1839ರಲ್ಲಿ ಲೈಪ್ಜಿಗ್‌ನ ಸ್ಯಾಟ್ಲರ್ ಎಂಬಾತ ಹೆಬ್ಬೆರಳಿಗೊಂದು ವಾಲ್ವ್, ಅಂದರೆ ಟ್ರಿಗ್ಗರ್, ಇಟ್ಟು, ಕೊಳವೆಗೆ ಇನ್ನೂ ಮೂರಡಿ ಸೇರಿಸಿ, ಬಿ-ಫ್ಲ್ಯಾಟ್ ವಾದ್ಯವನ್ನು ಎಫ್‌ಗೆ ಇಳಿಸುವ ದಾರಿ ಮಾಡಿದ. ಸಮಸ್ಯೆ ಹುಟ್ಟುವುದು ಇಲ್ಲೇ. ಕೊಳವೆ ಉದ್ದವಾದಂತೆ ಸ್ಥಾನಗಳ ನಡುವಿನ ಅಂತರವೂ ಹಿಗ್ಗುತ್ತದೆ. ಸ್ಲೈಡು ಮಾತ್ರ ಇದ್ದಷ್ಟೇ. ಏಳು ಸ್ಥಾನ ಹಿಡಿಯಬೇಕಾದಲ್ಲಿ ಆರೇ ಹಿಡಿಯುತ್ತವೆ. ಎಫ್‌ನಿಂದ ಇಳಿಯುತ್ತಾ ಸಿ ಮುಟ್ಟುವ ಹೊತ್ತಿಗೆ ಕೈ ಪೂರ್ತಿ ಚಾಚಿರುತ್ತದೆ, ಸ್ಲೈಡು ತುದಿಗೆ ಬಂದಿರುತ್ತದೆ. ಅದರ ಕೆಳಗಿನ ಬಿ ಸ್ವರ ವಾದ್ಯದಲ್ಲೇ ಇಲ್ಲ. ಅದಕ್ಕೂ ಕೆಳಗಿನ ಬಿ-ಫ್ಲ್ಯಾಟ್ ಇದೆ, ಮೇಲಿನ ಸಿ ಇದೆ. ನಡುವೆ ಹಲ್ಲು ಬಿದ್ದ ಜಾಗ.

ಎರಡನೇ ಟ್ರಿಗ್ಗರ್ ಹುಟ್ಟಿಕೊಂಡದ್ದು ಈ ಒಂದು ಹಲ್ಲನ್ನು ಕಟ್ಟಿಸಲು. ಅದಿಲ್ಲದವರು ಎಫ್ ಕೊಳವೆಯ ಶ್ರುತಿಸ್ಲೈಡನ್ನು ಹೊರಗೆಳೆದು ಇ-ಗೆ ಇಳಿಸಿ, ಕೈಯನ್ನು ಭುಜದಿಂದ ಕಳಚಿ ಬೀಳುವಷ್ಟು ಚಾಚಿ ಬಿ-ಯನ್ನು ಹಿಡಿಯಬೇಕು. ಬಾರ್ಟೋಕ್ 1943ರಲ್ಲಿ ಬರೆದ ‘ವಾದ್ಯವೃಂದಕ್ಕಾಗಿ ಕಾನ್ಸರ್ಟೊ’ದಲ್ಲಿ ಇದೇ ಬಿ-ಯಿಂದ ಎಫ್‌ವರೆಗೆ ಒಂದೇ ಜಾರು ಕೇಳಿದ್ದಾನೆ. ಹಳ್ಳಿಹಳ್ಳಿ ತಿರುಗಿ ಜನಪದ ಗೀತೆ ಸಂಗ್ರಹಿಸಿದ ಮನುಷ್ಯ ಬಾಸ್ ಟ್ರೊಂಬೋನಿನವನ ಭುಜವನ್ನೂ ಒಮ್ಮೆ ವಿಚಾರಿಸಬಹುದಿತ್ತು.

ಇನ್ನೂ ಕೆಳಗೆ ಪೆಡಲ್ ಸ್ವರಗಳು. ಮೊದಲ ಪೆಡಲು ಬಿ-ಫ್ಲ್ಯಾಟ್, ಸೆಕೆಂಡಿಗೆ ಸುಮಾರು 58 ಕಂಪನ. ಭೌತಶಾಸ್ತ್ರ ಹೇಳುವ ಸಂಗತಿ ಯಾವ ಸಂಕಥನಕ್ಕಿಂತಲೂ ವಿಚಿತ್ರವಾಗಿದೆ: ಆ ಸ್ವರಕ್ಕೆ ಹೊಂದುವ ಅನುರಣನ ಕೊಳವೆಯಲ್ಲಿ ಇಲ್ಲವೇ ಇಲ್ಲ. ಕೊಳವೆಯ ಅತಿ ಕೆಳಗಿನ ಅನುರಣನ ಅದಕ್ಕಿಂತ ಎಷ್ಟೋ ತಗ್ಗಿನಲ್ಲಿ, ಶ್ರುತಿಗೆ ಬಾರದ ಜಾಗದಲ್ಲಿ ಬಿದ್ದಿದೆ. ಮೇಲಿನ ಎರಡನೇ, ಮೂರನೇ, ನಾಲ್ಕನೇ ಅನುರಣನಗಳು ಒಟ್ಟಾಗಿ ತುಟಿಯ ಕಂಪನವನ್ನು ಹಿಡಿದು ನಿಲ್ಲಿಸುವುದರಿಂದ ಪೆಡಲು ನಿಲ್ಲುತ್ತದೆ. ವಾದ್ಯ ಕೊಡದ್ದನ್ನು ತುಟಿಯೇ ಹಟ ಹಿಡಿದು ಪಡೆಯಬೇಕು. ಇದರ ಮೇಲೆ ಮೂರು ದಿನದ ಕಮ್ಮಟ ಮಾಡಬಹುದು. ಮಾಡಬೇಡಿ.

ಸಾಧನಾಕ್ರಮ

ಕೆಳಸ್ವರ ಸಾಧಿಸುವುದರ ಬಗ್ಗೆ ಎರಡು ಪಂಥಗಳಿವೆ. ಒಂದು ನಾಭಿ ಪಂಥ. ‘ನಾದ ನಾಭಿಯಿಂದ ಹೊರಡಬೇಕು, ಮೂಲಾಧಾರವನ್ನು ಸ್ಪರ್ಶಿಸಬೇಕು, ನೀನೇ ಮಂದ್ರವಾಗಬೇಕು.’ ಹೀಗೆ ಹೇಳುವವರು ಸಾಮಾನ್ಯವಾಗಿ ಊದುವುದಿಲ್ಲ. ಮಂದ್ರ ಸಾಧನೆಯ ಮಹಿಮೆಯ ಕುರಿತು ಸುದೀರ್ಘ ಭಾಷಣ ಮಾಡುವವರ ಧ್ವನಿ ಮಾತ್ರ ತಾರಸ್ಥಾಯಿಯಲ್ಲೇ ಇರುವುದು ನಮ್ಮ ಕ್ಷೇತ್ರಕಾರ್ಯದ ಒಂದು ಮುಖ್ಯ ಶೋಧ.

ಇನ್ನೊಂದು ಗಾಳಿ ಪಂಥ. ಕೆಳಸ್ವರಕ್ಕೆ ಬೇಕಾದದ್ದು ಒತ್ತಡವಲ್ಲ, ಪ್ರಮಾಣ. ಕನ್ನಡಕ ಒರೆಸಲು ‘ಹಾ’ ಎಂದು ಬಿಡುತ್ತೇವಲ್ಲ, ಅಂಥ ಅಗಲವಾದ, ಬೆಚ್ಚಗಿನ, ಅವಸರವಿಲ್ಲದ ಗಾಳಿ. ದವಡೆ ಇಳಿಯಬೇಕು, ಹಲ್ಲುಗಳ ನಡುವೆ ಜಾಗ ಬಿಡಬೇಕು, ತುಟಿಯ ನಡು ಸಡಿಲವಿದ್ದು ಮೂಲೆಗಳು ಗಟ್ಟಿಯಿರಬೇಕು, ಕೆನ್ನೆ ಉಬ್ಬಬಾರದು. ಹೆದರಿ ತುಟಿ ಬಿಗಿದರೆ ಸ್ವರ ಒಂದು ಮೆಟ್ಟಿಲು ಮೇಲಕ್ಕೆ ಹಾರುತ್ತದೆ. ಪೂರ್ತಿ ಸಡಿಲ ಬಿಟ್ಟರೆ ಬರೀ ಬುರ್ರ್. ದಿನಾ ದೀರ್ಘ ಸ್ವರ, ಬಿ-ಫ್ಲ್ಯಾಟ್‌ನಿಂದ ಒಂದೊಂದೇ ಸ್ಥಾನ ಕೆಳಕ್ಕೆ. ಜೋಹಾನ್ಸ್ ರೋಶೂ 1928ರಲ್ಲಿ ಬೊರ್ದೋನ್ಯಿಯ ಗಾಯನಪಾಠಗಳನ್ನು ಟ್ರೊಂಬೋನಿಗೆ ಹೊಂದಿಸಿ ಪ್ರಕಟಿಸಿದ. ಬಾಸ್ ಟ್ರೊಂಬೋನಿನವರು ಅವನ್ನೇ ಒಂದು ಸ್ಥಾಯಿ ಕೆಳಗೆ ಊದುತ್ತಾರೆ. ಹಾಡುವವರಿಗೆಂದು ಬರೆದದ್ದು, ಹಾಡಲಾಗದ ಜಾಗದಲ್ಲಿ ಹಾಡಬೇಕು. ಇಷ್ಟೇ ವಿದ್ಯೆ. ಇದರಲ್ಲಿ ಗೂಢವಾದದ್ದು ಏನೂ ಇಲ್ಲ, ಬೇಗ ಬರುವಂಥದ್ದೂ ಏನಿಲ್ಲ.

ಸ್ಥಳೀಯ ಅಂಶ: ಆಷಾಢದಲ್ಲಿ ಘಟ್ಟದ ಬುಡದ ಮಳೆಗೆ ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ. ಅದೇ ಹೊತ್ತಿಗೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿರುತ್ತಾರೆ. ಸ್ಪ್ರೇ ಪಂಪಿನ ಮೋಟಾರೇ ನಮ್ಮ ತಂಬೂರಿ; ಶ್ರುತಿ ಸ್ವಲ್ಪ ಏರುಪೇರು.

ಕಾಯುವಿಕೆಯ ತತ್ತ್ವಶಾಸ್ತ್ರ

1808ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದ ಬೆಥೊವನ್‌ನ ಐದನೇ ಸಿಂಫನಿಯಲ್ಲಿ ಟ್ರೊಂಬೋನಿನವರಿಗೆ ಮೊದಲ ಮೂರು ಭಾಗಗಳಲ್ಲಿ ಕೆಲಸವಿಲ್ಲ. ಸುಮ್ಮನೆ ಕೂತಿದ್ದು, ನಾಲ್ಕನೆಯದು ಶುರುವಾದಾಗ ತಣ್ಣಗಾದ ತುಟಿಯಲ್ಲಿ ಹೊಡೆದಂತೆ ಎದ್ದುಬರಬೇಕು. ಇದನ್ನು ಅಲ್ಲಿ ನಾಟಕೀಯತೆ ಎನ್ನುತ್ತಾರೆ.

ಇಲ್ಲಿ ಇದಕ್ಕೆ ಸಭಾ ಕಾರ್ಯಕ್ರಮ ಎನ್ನುತ್ತೇವೆ. ಬ್ಯಾಂಡಿನವರು ಮೆರವಣಿಗೆಯಲ್ಲಿ ಅತಿಥಿಗಳನ್ನು ಕರೆತಂದು ವೇದಿಕೆಯ ಬದಿಯಲ್ಲಿ ನಿಲ್ಲಬೇಕು. ಸ್ವಾಗತ, ಪ್ರಸ್ತಾವನೆ, ದೀಪ, ಹಾರ, ಸ್ಮರಣಿಕೆ, ಮತ್ತೆ ಸ್ಮರಣಿಕೆ. ಅತಿಥಿಗಳು ನಾದಬ್ರಹ್ಮದ ಬಗ್ಗೆ ಮಾತಾಡುತ್ತಾರೆ; ಬಿಸಿಲಿನಲ್ಲಿ ನಿಂತವನ ಹೆಗಲ ಮೇಲೆ ದೊಡ್ಡ ಬೇಸ್ ವಾದ್ಯ ಕಾಯುತ್ತಿರುತ್ತದೆ. ಹಿತ್ತಾಳೆ ಬಿಸಿಯಾದರೆ ಶ್ರುತಿ ಏರುತ್ತದೆ ಎಂಬುದು ನಾದಬ್ರಹ್ಮದ ಭಾಷಣದಲ್ಲಿ ಬರುವುದಿಲ್ಲ. ನಿರೂಪಕರು ಕೊನೆಗೊಮ್ಮೆ ಕೈಸನ್ನೆ ಮಾಡುತ್ತಾರೆ: ‘ಸಾಕು, ಚಿಕ್ಕದಾಗಿ ಊದಿ, ಡೀಜೆಯವರು ರೆಡಿ ಇದ್ದಾರೆ.’

ಪರಿಭಾಷೆಯನ್ನು ಇಲ್ಲಿಗೆ ಬಿಡುತ್ತೇನೆ. ನನಗೆ ಸಿಟ್ಟಿದೆ. ಈ ಜಿಲ್ಲೆಯಲ್ಲಿ ತಲೆಮಾರುಗಳಿಂದ ವಾಲಗ ಊದಿದ ದೇವಾಡಿಗರು, ಶೇರಿಗಾರರು ದೇವರ ಮುಂದೆ ಊದಿ, ಊಟದ ಪಂಕ್ತಿಯಲ್ಲಿ ಹಿಂದೆ ಕೂತರು. ಹಬ್ಬದ ಮೆರವಣಿಗೆಗಳಲ್ಲಿ ಬೇಸ್ ಹೊರುವವನು ಎಲ್ಲರಿಗಿಂತ ಹಿಂದೆ ನಡೆಯುತ್ತಾನೆ. ಮದುವೆಯ ವಿಡಿಯೊದಲ್ಲಿ ಟ್ರಂಪೆಟ್ ಕಾಣುತ್ತದೆ, ಅವನು ಕಾಣುವುದಿಲ್ಲ. ಅವನು ನಿಲ್ಲಿಸಿದರೆ ಮಾತ್ರ ಜನ ತಿರುಗಿ ನೋಡುತ್ತಾರೆ: ಏನೋ ತಪ್ಪಿದೆಯಲ್ಲ ಎಂದು. ಏನು ತಪ್ಪಿತು ಎಂದು ಅವರಿಗೂ ಗೊತ್ತಾಗುವುದಿಲ್ಲ. ಈಗ ಎರಡು ಸಬ್‌ವೂಫರ್ ಬಾಡಿಗೆಗೆ ತಂದರೆ ಅವನ ಕೆಲಸ ಆಗಿಹೋಗುತ್ತದೆ. ಪೆಟ್ಟಿಗೆಗೆ ಉಸಿರು ಬೇಡ, ಊಟ ಬೇಡ, ಕಾಯಿಸಿದರೆ ತುಟಿ ತಣ್ಣಗಾಗುವುದಿಲ್ಲ. ಬೇಸ್ ಊದುತ್ತಿದ್ದವರ ಮಕ್ಕಳು ಗಲ್ಫಿಗೋ ಮಣಿಪಾಲದ ಕೆಲಸಕ್ಕೋ ಹೋದರೆ ತಪ್ಪು ಹೇಳುವ ಬಾಯಿ ಯಾರಿಗಿದೆ? ಅವರೆಲ್ಲ ಹೋದ ಮೇಲೆ ನಾವು ‘ಅಳಿವಿನಂಚಿನ ವಾದ್ಯಪರಂಪರೆ: ಸವಾಲುಗಳು ಮತ್ತು ಸಾಧ್ಯತೆಗಳು’ ಎಂದು ಬ್ಯಾನರ್ ಕಟ್ಟುತ್ತೇವೆ.

ಮುಂದಿನ ಸಂಶೋಧನೆಗೆ ಸೂಚನೆಗಳು

ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕದ ಜಾತ್ರೆ ಜನವರಿಯಲ್ಲಿ ಬರುತ್ತದೆ. ಅಲ್ಲಿಗೆ ಹೋಗುವ ಸಂಶೋಧಕರು ಬ್ಯಾಂಡು ಕಂಡರೆ ಮುಂದಿನ ಸಾಲನ್ನು ಬಿಟ್ಟು ಹಿಂದಕ್ಕೆ ಹೋಗಬೇಕು. ದೊಡ್ಡ ಕೊಳವೆ ಹೊತ್ತವನ ಹೆಸರು ಕೇಳಿ ಬರೆದುಕೊಳ್ಳಬೇಕು. ಯಾರಿಂದ ಕಲಿತ, ಮಳೆಗಾಲದಲ್ಲಿ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ, ಕೆಳಸ್ವರ ಬಾರದೆ ಮುಷ್ಕರ ಹೂಡಿದ ದಿನ ತುಟಿಗೆ ಏನು ಮಾಡುತ್ತಾನೆ, ಇಷ್ಟು ಕೇಳಿದರೆ ಒಂದು ಅಧ್ಯಾಯವಾಗುತ್ತದೆ, ಗೊಮ್ಮಟ ಬೇಕಾಗುವುದಿಲ್ಲ. ಆಗ ಅವನು ಊದುತ್ತಿದ್ದರೆ ಮುಗಿಯುವವರೆಗೆ ಕಾಯಬೇಕು. ಪ್ರಶ್ನಾವಳಿಯನ್ನು ಅವನ ಮೂಗಿನ ಮುಂದೆ ಹಿಡಿಯಬಾರದು, ಸ್ಲೈಡು ಬಡಿಯುತ್ತದೆ.

ಇದಲ್ಲದೆ, ಎರಡು ಟ್ರಿಗ್ಗರಿನ ಹಳೆಯ ವಾದ್ಯವೊಂದನ್ನು ಮಾರುವವರು ಯಾರಾದರೂ ಇದ್ದರೆ ಬಜಗೋಳಿ ಪೇಟೆಯಲ್ಲಿ ವಿಚಾರಿಸಬಹುದು. ಮೇಲಿನ ಸ್ವರಗಳು ಸರಿಯಿಲ್ಲದಿದ್ದರೂ ಅಡ್ಡಿಯಿಲ್ಲ.