ಹತ್ತು ದಿನಗಳ ಸೂತಕ

ಸಿ ಡ್ರೈವ್ ತುಂಬಿ ಕೆಂಪಡರಿದೊಡನೆ ಮಗಳ ಮದುವೆಯ ಚಿತ್ರಗಳನ್ನು ಅಳಿಸಹೊರಡುವ ಸದ್ಗೃಹಸ್ಥರು, ಜಾಗವನ್ನು ಆಕ್ರಮಿಸಿರುವವನು ವಿಂಡೋಸ್ ಮಹಾಶಯನೇ ಇರಬಹುದೆಂದು ಏತಕ್ಕೋ ಶಂಕಿಸುವುದೇ ಇಲ್ಲ. ದೊಡ್ಡದೊಂದು ಅಪ್‌ಡೇಟಿನಿಂದ ನವಜನ್ಮವೆತ್ತಿದ ಈತನು, ತನ್ನ ಪೂರ್ವಜನ್ಮದ ಕಳೇಬರವನ್ನು 'ವಿಂಡೋಸ್.ಓಲ್ಡ್' ಎಂಬ ಫೋಲ್ಡರಿನಲ್ಲಿ ಕಾಪಿಟ್ಟು, ಯಜಮಾನನಿಗೆ ಹಿಂದಿರುಗುವ ಮನಸ್ಸಾದೀತೆಂದು ಸಾಮಾನ್ಯವಾಗಿ 10 ದಿನ ಕಾದು (ಶಾಸ್ತ್ರೋಕ್ತ ಸೂತಕಕ್ಕೆ ಸರಿಹೋಯಿತು!) ಬಳಿಕ ತಾನೇ ವಿಸರ್ಜಿಸುವನಾದರೂ, ಅಷ್ಟು ಸಹನೆಯಿಲ್ಲದವರು ಡಿಸ್ಕ್ ಕ್ಲೀನಪ್ಪಿನಲ್ಲಿ 'ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್' ಒತ್ತಿ ಹಲವು ಜಿಬಿಗಳನ್ನು ಒಡನೆಯೇ ಪಡೆಯಬಹುದು, ಹಳೆಯ ಆವೃತ್ತಿಗೆ ಮರಳುವ ದಾರಿ ಮಾತ್ರ ಅಲ್ಲಿಗೆ ಮುಚ್ಚಿತು. ಇನ್ನು ವಿನ್‌ಎಸ್‌ಎಕ್ಸ್‌ಎಸ್ ಎಂಬ, ಉಚ್ಚರಿಸಲೂ ದುಸ್ಸಾಧ್ಯವಾದ ಫೋಲ್ಡರು: ಒಂದೇ ಕಡತವು ಎರಡೆರಡು ಕಡೆ ಎಣಿಕೆಗೆ ಸಿಕ್ಕುವುದರಿಂದ ಇರುವುದಕ್ಕಿಂತಲೂ ದಪ್ಪನಾಗಿ ಕಾಣುವ ಅದನ್ನು ವಾಚಕರು ದಯಮಾಡಿ ಕೈಯಾರೆ ಅಳಿಸಬಾರದು, ಮರುದಿನ ಯಂತ್ರವೇ ಏಳದೆ ಹೋದೀತು.