ಎಸ್ಟೇಟಿನಮ್ಮನ 23 ಕೆ.ಜಿ.

ಬೆಂಗಳೂರಿನಿಂದ ಉಗಾಂಡಾಕ್ಕೆ ಯಾರಾದರೂ ಟಿಕೆಟ್ ತೆಗೆಸಿದರೆ ಆ ಸುದ್ದಿ ಅವರ ಹೆಂಡತಿಗಿಂತ ಮೊದಲು ಎಸ್ಟೇಟಿನಮ್ಮನಿಗೆ ಮುಟ್ಟಿರುತ್ತದೆ. ಹೇಗೆ ಎಂದು ಕೇಳಬಾರದು. ವಾಟ್ಸಾಪಿನಲ್ಲಿ ಮೊದಲು ಒಂದು ನಮಸ್ಕಾರ ಬರುತ್ತದೆ, ಆಮೇಲೆ ಮನೆಯವರೆಲ್ಲರ ಕ್ಷೇಮಸಮಾಚಾರ, ಕೊನೆಗೆ ತೀರಾ ಸಂಕೋಚದವರ ಹಾಗೆ, ‘ಅಣ್ಣ, ಬ್ಯಾಗಲ್ಲಿ ವಸಿ ಜಾಗ ಅದಾ?’

ಎಸ್ಟೇಟಿನಮ್ಮ ಅಂದರೆ ಒಬ್ಬರೇ ಅಲ್ಲ. ಪೂರ್ವ ಆಫ್ರಿಕಾದ ಕಬ್ಬು, ಚಹಾ, ಹೂವಿನ ತೋಟಗಳಿಗೆ ಕೆಲಸಕ್ಕೆ ಹೋದ ಎಂಜಿನಿಯರು, ಕೆಮಿಸ್ಟು, ಅಕೌಂಟೆಂಟುಗಳ ಮನೆಗಳಲ್ಲಿ ಈ ಜಾತಿಯವರು ಧಾರಾಳವಾಗಿ ಸಿಗುತ್ತಾರೆ. ಆದರೆ ಈ ಲೇಖನದ ಕಣ್ಣಿರುವುದು ಜಿಂಜಾ ಪಟ್ಟಣದ ಆಚೆಯ ಕಬ್ಬಿನ ಸೀಮೆಯಲ್ಲಿರುವ ಒಬ್ಬರ ಮೇಲೆ. ಮಂಡ್ಯದ ಹೆಣ್ಣುಮಗಳು, ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವ ಪ್ಯಾನ್ ಹೌಸಿನಲ್ಲಿ. ಮಂಡ್ಯದ ಮೈಷುಗರ್ ಶುರುವಾದದ್ದು 1933ರಲ್ಲಿ. ಆದರೆ ಉಗಾಂಡಾದಲ್ಲಿ ಮುಲ್ಜಿಭಾಯಿ ಮಾಧ್ವಾನಿಯವರ ಕಕೀರಾ ಕಾರ್ಖಾನೆ 1930ರದು, ನಾನ್‌ಜಿ ಕಾಳಿದಾಸ್ ಮೆಹ್ತಾ ಅವರ ಲುಗಾಜಿ 1924ರದು ಎಂದು ಗಂಡ ಲೆಕ್ಕ ಹೇಳಿದರೆ ಆಕೆಗೆ ಸಿಟ್ಟು ಬರುತ್ತದೆ. ಮಂಡ್ಯಕ್ಕಿಂತ ಹಳೇ ಸಕ್ಕರೆ ಇರುವುದೇ ಅವರಿಗೆ ಒಪ್ಪಿಗೆಯಿಲ್ಲ.

ಇಂಥವರ ಮನೆಗೆ ಈಚೆಗೆ ಒಬ್ಬ ಪತ್ರಕರ್ತ ಹೊರಟ. ಗಂಡನ ಹಳೇ ಸಹಪಾಠಿ. ಅವನ ಹೆಸರು ಇಲ್ಲಿ ಬೇಡ. ಈ ಲೇಖನದ ಸಂಭಾವನೆ ಅವನಿಗೇ ಸೇರುತ್ತದೆ ಎಂದು ತಿಳಿದರೆ ಸಾಕು.

‘ವಸಿ ಜಾಗ’ ಅಂದದ್ದು ಎಷ್ಟು ಎಂದು ಅವನಿಗೆ ಅರ್ಥವಾದದ್ದು ಆಕೆಯ ತಮ್ಮ ಮದ್ದೂರಿನಿಂದ ಅಕ್ಕಿ ಚೀಲ ಹೊತ್ತು ಮನೆ ಬಾಗಿಲಿಗೆ ಬಂದಾಗ. ಎಂಟು ಕೆ.ಜಿ. ರಾಗಿ ಹಿಟ್ಟು, ಸಾರಿನ ಪುಡಿ, ಹಪ್ಪಳ, ಸಂಡಿಗೆ, ಕುಕ್ಕರಿನ ಗ್ಯಾಸ್ಕೆಟ್ಟು, ಮಿಕ್ಸಿ ಜಾರಿನ ಬ್ಲೇಡು, ಎಲ್ಲದಕ್ಕೂ ಮೇಲೆ ಒಂದು ಮುದ್ದೆ ಕೋಲು. ವಿಮಾನದವರು ಒಂದು ಬ್ಯಾಗಿಗೆ ಕೊಡುವುದು 23 ಕೆ.ಜಿ. ಆ 23ರ ಪಾರುಪತ್ಯವನ್ನು ವಿಡಿಯೋ ಕಾಲಿನಲ್ಲಿ ಎಸ್ಟೇಟಿನಮ್ಮನೇ ವಹಿಸಿಕೊಂಡರು. ‘ಸ್ವೆಟ್ರು ಯಾಕಣ್ಣ? ಭೂಮಧ್ಯರೇಖೆ ಇದು, ಚಳಿ ಎಲ್ಲಿ ಬರ್ತದೆ?’ ಸ್ವೆಟರು ಈಚೆಗೆ ಬಂತು. ‘ಎರಡು ಜೊತೆ ಶೂ ಹಾಕ್ಕೊಂಡು ಯಾವ ಮದುವೆಗೆ ಹೋಯ್ತೀರ?’ ಒಂದು ಜೊತೆ ಈಚೆಗೆ ಬಂತು. ಪುಸ್ತಕಗಳ ಸರದಿ ಬರುವ ಹೊತ್ತಿಗೆ ಅವನಿಗೆ ಮಾತೇ ನಿಂತಿತ್ತು. ಮುದ್ದೆ ಕೋಲು ಬ್ಯಾಗಿಗೆ ಉದ್ದಕ್ಕೂ ಹಿಡಿಯಲಿಲ್ಲ, ಅಡ್ಡಕ್ಕೂ ಹಿಡಿಯಲಿಲ್ಲ. ಮೂಲೆಯಿಂದ ಮೂಲೆಗೆ ಮಲಗಿಸಬೇಕಾಯಿತು.

ಅಡಿಸ್ ಅಬಾಬದಲ್ಲಿ ವಿಮಾನ ಬದಲಿಸಿ ಎಂಟೆಬೆಯಲ್ಲಿ ಇಳಿದು ಹಳದಿ ಜ್ವರದ ಲಸಿಕೆ ಕಾರ್ಡು ತೋರಿಸುವವರೆಗೆ ಎಲ್ಲ ಸುಸೂತ್ರ. ಕಸ್ಟಮ್ಸಿನ ಸ್ಕ್ಯಾನರಿನಲ್ಲಿ ಪೊಟ್ಟಣ ಪೊಟ್ಟಣವಾಗಿ ಪುಡಿ, ನಡುವೆ ಒಂದು ದೊಣ್ಣೆ ಕಂಡಿತು. ಪುಡಿ ಯಾವ ಔಷಧಿಯದು ಎಂದು ಅಧಿಕಾರಿಣಿ ಕೇಳಿದಳು. ಔಷಧಿಯಲ್ಲ, ಊಟ ಎಂದ. ದೊಣ್ಣೆ? ಅದೂ ಊಟಕ್ಕೇ ಎಂದ. ಆಕೆ ಟೇಪು ಕಿತ್ತು, ಚಿಟಿಕೆ ಹಿಟ್ಟು ತೆಗೆದು ಮೂಸಿ, ನಾಲಿಗೆಗೆ ಸೋಕಿಸಿ, ಪಕ್ಕದ ಕೌಂಟರಿನವಳನ್ನು ಕೂಗಿ ಕರೆದಳು. ಇಬ್ಬರೂ ನಕ್ಕರು. ‘ಇದು ಒಬುಲೊ. ನಮ್ಮಜ್ಜಿಯ ಹೊಲದಲ್ಲಿ ಬೆಳೆಯುತ್ತದೆ. ಇದನ್ನು ಇಂಡಿಯಾದಿಂದ ಹೊತ್ತು ತಂದಿರಾ?’

ನಕ್ಕದ್ದರಲ್ಲಿ ನ್ಯಾಯವಿತ್ತು. ರಾಗಿಯನ್ನು ಮನುಷ್ಯ ಮೊದಲು ಒಗ್ಗಿಸಿಕೊಂಡದ್ದು ಇಥಿಯೋಪಿಯಾದಿಂದ ಉಗಾಂಡಾದವರೆಗಿನ ಎತ್ತರದ ಸೀಮೆಯಲ್ಲಿ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ಅದು ನಮ್ಮ ಕಡೆ ಬಂದು ಸಾವಿರಾರು ವರ್ಷವಾಯಿತು. ಆಗ ಯಾರು ಯಾರ ಗಂಟಿನಲ್ಲಿ ವಸಿ ಜಾಗ ಕೇಳಿದ್ದರೋ. ಅಂತೂ ರಾಗಿ ತನ್ನ ತೌರಿಗೆ ಒಬ್ಬ ಪತ್ರಕರ್ತನ ಖರ್ಚಿನಲ್ಲಿ ವಾಪಸು ಬಂದಿತ್ತು. ರಾತ್ರಿ ಊಟಕ್ಕೆ ಕೂತಾಗ ಅವನು ಈ ವಿಷಯ ತೆಗೆದ. ಎಸ್ಟೇಟಿನಮ್ಮ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ‘ಇರಬೋದು ಕಣಣ್ಣ. ಆದ್ರೆ ಇಲ್ಲೀ ರಾಗಿಗೆ ಜಿಗುಟೇ ಬರಕಿಲ್ಲ’ ಎಂದು ವಿಜ್ಞಾನವನ್ನು ಅಲ್ಲಿಗೆ ಮುಗಿಸಿದರು. ಹೊರಗೆ ಮಳೆ ಹಿಡಿದಿತ್ತು. ಅತಿಥಿ ನಡುಗುತ್ತಿದ್ದ. ಗಂಡನ ಸ್ವೆಟರೊಂದನ್ನು ತಂದುಕೊಟ್ಟವರೂ ಅವರೇ.

ಆ ಅಡುಗೆಮನೆಯಲ್ಲಿ ದಿನಾ ಸಂಜೆ ಎರಡು ಪಾತ್ರೆಯಲ್ಲಿ ಎಸರು ಕುದಿಯುತ್ತದೆ. ಒಂದು ಮಂಡ್ಯದ ಹಿಟ್ಟಿಗೆ. ಇನ್ನೊಂದರ ಯಜಮಾನಿಕೆ ಮನೆಗೆಲಸದ ಹೆಂಗಸಿನದು, ಎಲ್ಲರೂ ಆಂಟಿ ಎಂದು ಕರೆಯುವ, ಸೊರೋಟಿ ಕಡೆಯ ಟೆಸೊ ಜನದವಳದು. ಅವಳು ರಾಗಿ ಹಿಟ್ಟಿಗೆ ಮರಗೆಣಸಿನ ಹಿಟ್ಟು ಬೆರೆಸಿ, ಹುಣಸೆ ನೀರು ಬಿಟ್ಟು, ಕೋಲಿನಲ್ಲಿ ತಿರುವಿ ಅಟಪ್ ಮಾಡುತ್ತಾಳೆ. ಕಡಲೆಕಾಯಿ ಬೀಜ ಅರೆದು ಬೇಯಿಸಿದ ಸೊಪ್ಪಿನ ಜೊತೆ ಅದನ್ನು ತಿನ್ನುವುದು. ಎಸ್ಟೇಟಿನಮ್ಮನ ಕೂಸು, ನಾಲ್ಕು ವರ್ಷದ ಚಿನ್ನು, ಊಟದ ಮೇಜಿಗೆ ಬರುವುದಿಲ್ಲ. ಹಿಂಬಾಗಿಲ ಮೆಟ್ಟಿಲ ಮೇಲೆ ಆಂಟಿಯ ತೊಡೆಗೆ ಒರಗಿ ಕೂತು, ಅಟಪ್ ಚಿವುಟಿ, ಹೆಬ್ಬೆರಳಿನಿಂದ ಅದರಲ್ಲೊಂದು ಕುಳಿ ಮಾಡಿ, ಸೊಪ್ಪು ತುಂಬಿ, ನಿಧಾನವಾಗಿ ಅಗಿಯುತ್ತದೆ. ಎಸ್ಟೇಟಿನಮ್ಮನ ಹೊಟ್ಟೆ ಉರಿಯುವುದು ಆ ಅಗಿಯುವುದಕ್ಕೆ. ಮಂಡ್ಯದ ಕೂಸು ಮುದ್ದೆಯನ್ನು ನುಂಗಬೇಕು! ‘ನುಂಗು ಮಗಾ, ನುಂಗು’ ಎಂದು ಕಿಟಕಿಯಿಂದ ಕೂಗುತ್ತಾರೆ. ಆಂಟಿಗೆ ಒಮ್ಮೆ ಮಂಡ್ಯದ ಮುದ್ದೆಯ ರುಚಿ ತೋರಿಸಿದಾಗ ಅವಳು ಬಹಳ ಮರ್ಯಾದೆಯಿಂದ ತಿಂದು, ಹುಳಿ ಹಾಕುವುದು ಮರೆತುಹೋಯಿತೇ ಎಂದು ಕೇಳಿದ್ದಳಂತೆ. ಆ ಮಾತನ್ನು ಆ ಮನೆಯಲ್ಲಿ ಇನ್ನೂ ಕ್ಷಮಿಸಿಲ್ಲ.

ಎಸ್ಟೇಟಿನಮ್ಮನ ಎರಡನೆಯ ಶಾಸ್ತ್ರ ಮಲೇರಿಯಾ. ಸಂಜೆ ಆರಕ್ಕೆ ಕಿಟಕಿಗಳೆಲ್ಲ ಮುಚ್ಚಬೇಕು. ಅಲ್ಲಿ ವರ್ಷಪೂರ್ತಿ ಸೂರ್ಯ ಮುಳುಗುವುದು ಏಳರ ಆಸುಪಾಸಿನಲ್ಲಿ, ಸೊಳ್ಳೆಗೂ ಎಸ್ಟೇಟಿನಮ್ಮನಿಗೂ ವೇಳಾಪಟ್ಟಿ ಬದಲಿಸುವ ಪ್ರಮೇಯವೇ ಬರುವುದಿಲ್ಲ. ಅತಿಥಿ ಎರಡನೇ ದಿನ ಬೆಳಿಗ್ಗೆ ಒಂದು ಸೀನು ಸೀನಿದ. ಕಬ್ಬಿನ ತರಗು ಸುಟ್ಟ ಕರಿ ಬೂದಿ ಗಾಳಿಯಲ್ಲಿ ಬಂದು ಮೂಗು ಹೊಕ್ಕಿತ್ತು, ಅಷ್ಟೆ. ಸೊಳ್ಳೆ ಕಚ್ಚಿ ಒಂದು ವಾರವಾದರೂ ಕಳೆಯದೆ ಮಲೇರಿಯಾ ತಲೆಯೆತ್ತುವುದಿಲ್ಲ ಎಂದು ಅವನು ಓದಿಕೊಂಡು ಬಂದಿದ್ದ. ‘ನೀವು ಓದಿದ್ದೀರ, ಸೊಳ್ಳೆ ಓದಿದ್ದದಾ?’ ಎಂದು ಅವನನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋಗಿ ಬೆರಳು ಚುಚ್ಚಿಸಿದರು. ಪಟ್ಟಿಯ ಮೇಲೆ ಒಂದೇ ಗೆರೆ ಮೂಡಿತು, ಅಂದರೆ ಏನೂ ಇಲ್ಲ. ಅದನ್ನವರು ಬೆಳಕಿಗೆ ಹಿಡಿದು, ಇನ್ನೊಂದು ಗೆರೆ ಎಲ್ಲಾದರೂ ಅಡಗಿದೆಯೇ ಎಂದು ಹುಡುಕಿದರು.

ನಗಬಹುದು. ಆದರೆ ಜಗತ್ತಿನಲ್ಲಿ ಮಲೇರಿಯಾ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಉಗಾಂಡಾ ಒಂದು, ಮತ್ತು ಎರಡು ವರ್ಷದ ಚಿನ್ನುವಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದ ರಾತ್ರಿ ಗಂಡ ಶಿಫ್ಟಿನಲ್ಲಿದ್ದರು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕಾವಲುಗಾರನ ಟಾರ್ಚಿನ ಹಿಂದೆ ಕತ್ತಲಲ್ಲಿ ಓಡಿದವಳು ಆಂಟಿ. ಅವಳ ಹಿಂದೆ ಬರಿಗಾಲಲ್ಲಿ ಇವರು. 2025ರ ಏಪ್ರಿಲ್‌ನಲ್ಲಿ ಅಲ್ಲಿ ಮಲೇರಿಯಾ ಲಸಿಕೆ ಬಂತು. ಎರಡು ವರ್ಷದೊಳಗಿನ ಕೂಸುಗಳಿಗೆ ಮಾತ್ರ ಎಂದು ಗೊತ್ತಾದಾಗ, ಅವಸರಪಟ್ಟು ಮೊದಲೇ ಹುಟ್ಟಿದ್ದಕ್ಕೆ ಎಸ್ಟೇಟಿನಮ್ಮ ಚಿನ್ನುವನ್ನೇ ಬೈದರು.

ಬೆನ್ನಿಗೆ ಕಟ್ಟುವ ವಿಚಾರದಲ್ಲೂ ಒಂದು ಯುದ್ಧವಾಗಿದೆ. ಮಂಡ್ಯದ ಅತ್ತೆ ಬೆಳಿಗ್ಗೆ ಆರಕ್ಕೆ ಎದ್ದು, ಕಾಫಿ ಕುಡಿದು, ಮೊಮ್ಮಕ್ಕಳ ಮುಖ ನೋಡಬೇಕೆಂದು ಫೋನು ಮಾಡುತ್ತಾರೆ. ಆಗ ಜಿಂಜಾದಲ್ಲಿ ಬೆಳಗಿನ ಜಾವ ಮೂರೂವರೆ. ಕೂಸು ಆಂಟಿಯ ಬೆನ್ನ ಮೇಲೆ ಬಟ್ಟೆಯಲ್ಲಿ ಸುತ್ತಿಸಿಕೊಂಡು ನಿದ್ದೆ ಹೋದದ್ದನ್ನು ಒಮ್ಮೆ ಕಂಡು, ‘ಮಗೀನ ಕಾಲು ಸೊಟ್ಟಾಯ್ತದೆ’ ಎಂದು ಆಕೆ ಅತ್ತೇ ಬಿಟ್ಟರು. ಎಸ್ಟೇಟಿನಮ್ಮ ಅವರೆದುರಿಗೆ ಹೂಂ ಹೂಂ ಎಂದರು. ಫೋನು ಇಟ್ಟ ಮೇಲೆ ಬಟ್ಟೆಯ ಗಂಟು ಇನ್ನಷ್ಟು ಬಿಗಿಯಾಗಿದೆಯೇ ಎಂದು ನೋಡಿದರು.

ಉಳಿದದ್ದಕ್ಕೆಲ್ಲ ಅವರು ಬೇಗ ಹೊಂದಿಕೊಂಡಿದ್ದಾರೆ. ಮಕ್ಕಳು ಶಾಲೆಗೆ ಪುಸ್ತಕದ ಜೊತೆ ಪೊರಕೆ, ಟಾಯ್ಲೆಟ್ ಪೇಪರಿನ ಸುರುಳಿ ಒಯ್ಯಬೇಕೆಂದಾಗ ತಗಾದೆ ತೆಗೆಯಲಿಲ್ಲ. ಚಪಾತಿಯೊಳಗೆ ಆಮ್ಲೆಟ್ ಸುತ್ತಿ ರೋಲೆಕ್ಸ್ ಎಂದು ರಸ್ತೆಬದಿಯಲ್ಲಿ ಮಾರುವುದನ್ನು ದೊಡ್ಡ ಮಗನಿಗಿಂತ ತಾವೇ ಹೆಚ್ಚು ತಿನ್ನುತ್ತಾರೆ. ನವೆಂಬರಿನಲ್ಲಿ ಹಸಿರು ಮಿಡತೆಗಳ ಸುಗ್ಗಿ. ಹುರಿದ ಮಿಡತೆಯನ್ನು ಮಗ ಗೆಳೆಯನ ಮನೆಯಲ್ಲಿ ಮುಕ್ಕಿ ಬಂದದ್ದು ಮಾತ್ರ ಅತ್ತೆಯ ಕಿವಿಗೆ ಇನ್ನೂ ಬಿದ್ದಿಲ್ಲ. ಈ ಲೇಖನವನ್ನು ಮಂಡ್ಯದಲ್ಲಿ ಯಾರೂ ಓದದಿರಲಿ.

ಆ ದೊಡ್ಡವನು ಈಗ ಐದನೇ ಕ್ಲಾಸು. ಏಳನೆಯದರ ಕೊನೆಗೆ ಅಲ್ಲಿ ದೇಶಕ್ಕೆಲ್ಲ ಒಂದೇ ಪಬ್ಲಿಕ್ ಪರೀಕ್ಷೆ. ಅದಾದ ಮೇಲೆ ಮೈಸೂರಿನ ಹಾಸ್ಟೆಲ್ಲೋ, ಕಂಪಾಲಾದ ಶಾಲೆಯೋ ಎಂಬ ಮಾತು ಬಂದರೆ ಗಂಡ ಪೇಪರು ಹಿಡಿಯುತ್ತಾರೆ, ಹೆಂಡತಿ ಡಬ್ಬಿಗಳನ್ನು ತೆಗೆದು ಮತ್ತೆ ಜೋಡಿಸುತ್ತಾರೆ. ಅತಿಥಿಯ ಬ್ಯಾಗಿನಿಂದ ಬಂದ ಹಿಟ್ಟನ್ನು ಅವರು ಸ್ಟೀಲಿನ ಡಬ್ಬಿಗೆ ಬಗ್ಗಿಸುವಾಗ ಮಗ ಪಕ್ಕದಲ್ಲಿ ನಿಂತು, ತಾನು ಮೈಸೂರಿಗೆ ಹೋದರೆ ಅಲ್ಲಿಗೆ ಅಟಪ್ ಯಾರ ಕೈಲಿ ಕಳಿಸುತ್ತೀಯ ಎಂದು ಕೇಳಿದ. ಅವರು ಕೆಳಗೆ ಚೆಲ್ಲಿದ ಹಿಟ್ಟನ್ನು ಅಂಗೈಯಲ್ಲಿ ಬಳಿದು ಡಬ್ಬಿಗೆ ಹಾಕಿದರು. ಉತ್ತರ ಹೇಳಿದ್ದು ಅತಿಥಿಗೆ ಕೇಳಿಸಲಿಲ್ಲ.

ಜಿಂಜಾ ಪೇಟೆಯಲ್ಲಿ ಅವರಿಗೆ ಕರಿಬೇವಿನ ಸಸಿ ಕೊಟ್ಟ ಒಬ್ಬ ಗುಜರಾತಿ ಅಜ್ಜಿಯಿದ್ದಾರೆ. ಇದಿ ಅಮೀನ್ 1972ರ ಆಗಸ್ಟಿನಲ್ಲಿ ಏಷ್ಯಾದವರಿಗೆ ದೇಶ ಬಿಡಲು 90 ದಿನ ಕೊಟ್ಟಾಗ ಕೈಗೆ ಸಿಕ್ಕಷ್ಟು ತುಂಬಿಕೊಂಡು ಹೊರಟವರು, ಕಾಲ ತಿಳಿಯಾದ ಮೇಲೆ ತಿರುಗಿ ಬಂದವರು. ಅವರು ಯಾರಿಂದಲೂ ಏನನ್ನೂ ತರಿಸಿಕೊಳ್ಳುವುದಿಲ್ಲ. ಅದನ್ನು ಕಂಡರೆ ಎಸ್ಟೇಟಿನಮ್ಮನಿಗೆ ಒಂಥರಾ ಭಯ. ಪ್ರತಿ ಸಲ ಅವರ ಮನೆಯಿಂದ ಬಂದ ಮೇಲೆ ಬೆಂಗಳೂರಿನಿಂದ ಯಾರು ಬರುತ್ತಿದ್ದಾರೆಂದು ವಿಚಾರಿಸುತ್ತಾರೆ.

ಡಿಸೆಂಬರಿನ ರಜದಲ್ಲಿ ಸಂಸಾರ ಮಂಡ್ಯಕ್ಕೆ ಬಂದಾಗ ಎಲ್ಲ ತಿರುಗುಮುರುಗು. ಈಗ ಬ್ಯಾಗಿನಲ್ಲಿ ಉಗಾಂಡಾದ ಕಾಫಿ, ವೆನಿಲಾ, ನಾದಿನಿಯರಿಗೆ ದೊಡ್ಡ ಹೂವಿನ ಕಿಟೆಂಗೆ ಬಟ್ಟೆ. ಬೆಣ್ಣೆಹಣ್ಣಿಗೆ ಇಷ್ಟೊಂದು ದುಡ್ಡೇ ಎಂದು ಅಂಗಡಿಯವನ ಮೇಲೆ ಜಗಳ. ಸೆಕೆ ತಡೆಯದು, ‘ನಮ್ ಜಿಂಜಾದಲ್ಲಿ’ ಹೀಗಿಲ್ಲ. ಸಂಜೆ ಆರಕ್ಕೆ ಇಲ್ಲೂ ಕಿಟಕಿ ಮುಚ್ಚಿಸುತ್ತಾರೆ. ನೋಡಲು ಬಂದ ನೆಂಟರು ತಪ್ಪದೆ ಕೇಳುವ ಪ್ರಶ್ನೆಯನ್ನು ಹೋದ ಸಲ ಅತ್ತೆಯೇ ಕೇಳಿದರು: ‘ಅಲ್ಲಿ ಮನೆತಾವ ಸಿಂಹ ಬತ್ತದಾ?’

‘ಸಿಂಹ ನೋಡೋಕೆ ನಾವೇ ಒಂದು ದಿನ ಕಾರಲ್ಲಿ ಹೋಗ್ಬೇಕು ಅತ್ತೆ’ ಅಂದರು ಎಸ್ಟೇಟಿನಮ್ಮ, ಪಡಸಾಲೆಯ ಬಾಗಿಲ ಚಿಲಕ ಹಾಕುತ್ತಾ. ‘ಕಬ್ಬಿನ ಗದ್ದೇಲಿ ಚಿರತೆ ಮರಿ ಹಾಕೋದು ನಿಮ್ಮೂರಲ್ಲಿ. ಮಕ್ಕಳನ್ನ ಆಚೆ ಬಿಡಬ್ಯಾಡಿ.’